ವೆಂಡಲ್ ಶೂಪ್ ಮನೆ ಮಾರಿದ್ದು

ವೆಂಡಲ್ ಶೂಪ್‌ಗೆ ಒಂದು ಕಾಯಿಲೆ ಇತ್ತು. ಡಾಕ್ಟರಿಗೆ ತೋರಿಸುವಂಥದ್ದಲ್ಲ. ತನಗೆ ಗೊತ್ತಿಲ್ಲದ ವಿಷಯವನ್ನು ಯಾರಾದರೂ ಎತ್ತಿದರೆ ಸಾಕು, ಅವನ ತಲೆ ತಾನೇ ತಾನಾಗಿ ಮೇಲೆ ಕೆಳಗೆ ಆಡಿ, ‘ಗೊತ್ತು ಗೊತ್ತು, ಮುಂದೆ ಹೇಳಿ’ ಅಂದುಬಿಡುತ್ತಿತ್ತು. ಪ್ರಶ್ನೆ ಮುಗಿಯುವವರೆಗೂ ಅದಕ್ಕೆ ತಾಳ್ಮೆ ಇರಲಿಲ್ಲ. ಈ ತಲೆಯ ದೆಸೆಯಿಂದ ಅವನು ಒಮ್ಮೆ ಚರ್ಚಿನ ಹಾಡುಗಾರರ ಗುಂಪಿಗೆ ಸೇರಿಕೊಂಡು ಊರಿಗೆಲ್ಲ ತೊಂದರೆ ಕೊಟ್ಟಿದ್ದ. ಇನ್ನೊಮ್ಮೆ ನೋವೇ ಇಲ್ಲದ ಹಲ್ಲನ್ನು ಕೀಳಿಸಿಕೊಂಡು ಬಂದಿದ್ದ. “ನನಗೂ ನನ್ನ ತಲೆಗೂ ಮಾತುಕತೆ ನಿಂತು ಎಷ್ಟೋ ಕಾಲ ಆಯ್ತು,” ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಇಂಡಿಯಾನಾದ ನಮ್ಮ ಭಾಗದಲ್ಲಿ ಹುಟ್ಟಿದವರು ಒಂದೋ ಆರ್‌ವಿ ಕಟ್ಟುತ್ತಾರೆ, ಇಲ್ಲವೇ ಆರ್‌ವಿ ಕಟ್ಟುವವರಿಗೆ ಊಟ ಬಡಿಸುತ್ತಾರೆ. ಒಲೆ, ಹಾಸಿಗೆ, ಕಕ್ಕಸು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಊರೂರು ಸುತ್ತುವ ಗಾಲಿಮನೆಗಳು ಅವು. ವೆಂಡಲ್ ಜೀವಮಾನವಿಡೀ ಅಂಥದೊಂದು ಕಾರ್ಖಾನೆಯಲ್ಲಿ ಬೀರುವಿನ ಬಾಗಿಲಿಗೆ ಕೀಲು ಕೂರಿಸಿದ. ಅವನ ಮುಂದೆ ಬರುವಾಗ ಗಾಲಿಮನೆಗೆ ಬರೀ ನೆಲ ಇರುತ್ತಿತ್ತು, ಬೀರು ಇರುತ್ತಿತ್ತು. ಗೋಡೆ, ಮಾಡು, ಕಿಟಕಿ ಎಲ್ಲ ಮುಂದಿನ ಶೆಡ್ಡಿನವರ ಪಾಲು. ಹಾಗಾಗಿ ಸಾವಿರಾರು ಆರ್‌ವಿ ಕಟ್ಟಿದ ಮನುಷ್ಯ ಪೂರ್ತಿಯಾದ ಒಂದು ಆರ್‌ವಿಯ ಒಳಗೆ ಕಾಲಿಟ್ಟಿರಲಿಲ್ಲ. ಕೀಲಿನ ವಿಷಯ ಕೇಳಿ, ಮಧ್ಯಾಹ್ನದ ತನಕ ಹೇಳುತ್ತಾನೆ. ಕೀಲು ಬಿಟ್ಟು ಒಂದು ಅಂಗುಲ ಆಚೆ ಕೇಳಿ, ತಲೆ ಆಡಿಸುತ್ತಾನೆ.

ಆ ಕಾರ್ಖಾನೆಯಲ್ಲಿ ಎರಡು ಬಗೆಯ ಜನ. ಕೆಲಸ ಜೋರಿದ್ದಾಗ ಶನಿವಾರ ಭಾನುವಾರ ಬಂದು ಹೋಗುವ ಹುಡುಗರು ಒಂದು ಬಗೆ. ಮಳೆ ಬರಲಿ ಹಿಮ ಬೀಳಲಿ, ಖಾಯಂ ಇರುವವರು ಇನ್ನೊಂದು ಬಗೆ. ಈ ಎರಡನೆಯವರನ್ನು ಫುಲ್ ಟೈಮರ್ ಎನ್ನುತ್ತಿದ್ದರು. ವೆಂಡಲ್ ಫುಲ್ ಟೈಮರ್. ನಿವೃತ್ತಿಯ ದಿನ ಕೊಟ್ಟ ಕೇಕಿನ ಮೇಲೂ ಕೆನೆಯಲ್ಲಿ ಅದನ್ನೇ ಬರೆದಿದ್ದರು. ಅವನ ಪಾಲಿಗೆ ಅದು ಬಿರುದು, ಪದವಿ, ಪದಕ, ಎಲ್ಲ.

ನಿವೃತ್ತಿಯಾದ ಮೇಲೆ ತನಗೂ ಒಂದು ಆರ್‌ವಿ ಬೇಕೆನ್ನಿಸಿತು. ಆಸೆಗಿಂತ ಹೆಚ್ಚಾಗಿ ಅದು ಹೊಟ್ಟೆಕಿಚ್ಚು. ಹೆಂಡತಿಯ ಅಣ್ಣ ಡೆಲ್ಮರ್‌ನ ಅಂಗಳದಲ್ಲಿ ಒಂದು ಆರ್‌ವಿ ನಿಂತಿತ್ತು. ಡೆಲ್ಮರ್ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ದಾರಿಯಲ್ಲಿ ಹೋಗುವವರಿಗೆಲ್ಲ ಪ್ರಯಾಣದ ಬಗ್ಗೆ ಉಪದೇಶ ಮಾಡುತ್ತಿದ್ದ.

ವೆಂಡಲ್‌ನ ಹೆಂಡತಿ ವರ್ಲಾ ಬಹಳ ದಿನ ಒಪ್ಪಲಿಲ್ಲ. ಅವಳ ಪ್ರಾಣ ಇದ್ದದ್ದು ಮನೆಯಲ್ಲಿ. ಹಳದಿ ಬಣ್ಣದ ಅಡುಗೆಮನೆ, ಸೊಳ್ಳೆ ಪರದೆ ಹಾಕಿಸಿದ ಜಗಲಿ, ಅಮ್ಮನ ತೂಗುಕುರ್ಚಿ. ಕೊನೆಗೆ ಒಪ್ಪಿದಾಗ ಒಂದೇ ಶರತ್ತು ಹಾಕಿದಳು.

“ಬೇಸಿಗೇಲಿ ಎರಡು ವಾರ ಎಲ್ಲಿಗೆ ಬೇಕಾದ್ರೂ ಬರ್ತೀನಿ. ಆಮೇಲೆ ನನ್ನ ಮನೆಗೆ ವಾಪಸ್ ಬರ್ಬೇಕು. ಈ ಮನೆ ವಿಷಯದಲ್ಲಿ ಏನಾದ್ರೂ ಆಟ ಆಡಿದ್ರೆ, ನೀನು ಆ ಡಬ್ಬಿಲೇ ಇರು, ನಾನು ಡೆಲ್ ಮನೆಗೆ ಹೋಗ್ತೀನಿ. ಗೊತ್ತಾಯ್ತಾ?”

ವೆಂಡಲ್ ತಲೆ ಆಡಿಸಿದ. ಈ ಸಲ ನಿಜವಾಗಿಯೂ ಗೊತ್ತಾಗಿತ್ತು. ಆದರೆ ನೋಡುವವರಿಗೆ ಎರಡೂ ಬಗೆಯ ಆಡಿಸುವಿಕೆ ಒಂದೇ ಥರ ಕಾಣುತ್ತಿತ್ತು. ಅದೇ ಅವನ ಕರ್ಮ.

ಆರ್‌ವಿ ತರುವ ಶನಿವಾರ ಬಂತು. ಡೀಲರ್ ಅಂಗಡಿ ದೂರದ ಊರಲ್ಲಿ. ಹತ್ತಿರದಲ್ಲೇ ಬೇಕಾದಷ್ಟಿದ್ದವು, ಆದರೆ ಅಲ್ಲೆಲ್ಲ ವೆಂಡಲ್‌ನ ಹಳೆಯ ಸಹೋದ್ಯೋಗಿಗಳು ಇದ್ದರು. ಅವರೆದುರು ಏನಾದರೂ ಕೇಳಬೇಕಾಗಿ ಬಂದರೆ ಮಾನ ಹೋಗುತ್ತದೆ ಎಂದು ಇಷ್ಟು ದೂರ ಬಂದಿದ್ದ. ಅಂಗಳದ ತುಂಬ ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ಬಿಳೀ ಟ್ರೇಲರುಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಬಾಗಿಲಲ್ಲಿ ಪಾಪ್‌ಕಾರ್ನ್ ಯಂತ್ರ, ಮೂಲೆಯಲ್ಲಿ ಒಂದು ಹಿತ್ತಾಳೆ ಗಂಟೆ. ಗಾಡಿ ತೆಗೆದುಕೊಂಡು ಹೋಗುವವರು ಅದನ್ನು ಬಾರಿಸಿ ಹೋಗುವುದು ವಾಡಿಕೆ. ಮಾರಾಟದ ಹುಡುಗ ಕಿಪ್ ಎರಡೂ ಕೈ ಚಾಚಿಕೊಂಡು ಬಂದ. ವರ್ಲಾ ತನ್ನ ಕಬ್ಬಿಣದ ಬಾಣಲಿಯನ್ನು ಚೀಲದಲ್ಲಿ ಹೊತ್ತು ತಂದಿದ್ದಳು. ಅದು ಹೊಸ ಬೀರುವಿನಲ್ಲಿ ಕೂರುತ್ತದೋ ಇಲ್ಲವೋ ನೋಡಲು ನೇರ ಟ್ರೇಲರ್‌ನ ಒಳಗೆ ಹೋದಳು.

ಅವಳು ಒಳಗೆ ಹೋದ ಮೇಲೆ ಕಿಪ್ ಆ ಪ್ರಶ್ನೆ ಕೇಳಿದ.

“ಅಂದ ಹಾಗೆ ಮಿಸ್ಟರ್ ಶೂಪ್, ನೀವು ವೀಕೆಂಡರಾ, ಫುಲ್ ಟೈಮರಾ?”

ಆರ್‌ವಿ ಓಡಿಸುವವರ ಬಾಯಲ್ಲಿ ವೀಕೆಂಡರ್ ಅಂದರೆ ಶನಿವಾರ ಹೋಗಿ ಭಾನುವಾರ ಮನೆ ಸೇರುವವನು. ಫುಲ್ ಟೈಮರ್ ಅಂದರೆ ಮನೆ ಮಾರಿ, ಸಾಮಾನು ಹಂಚಿ, ವರ್ಷವಿಡೀ ಗಾಲಿಯ ಮೇಲೇ ಬದುಕುವವನು. ಆರ್‌ವಿ ಓಡಿಸುವವರಿಗೆಲ್ಲ ಇದು ಗೊತ್ತು. ಆರ್‌ವಿ ಕಟ್ಟುವ ವೆಂಡಲ್‌ಗೆ ಗೊತ್ತಿರಲಿಲ್ಲ.

ಅವನ ಎದೆ ಉಬ್ಬಿತು. ಇಷ್ಟು ದೂರದ ಊರಿನಲ್ಲೂ ತನ್ನ ಕೆಲಸದ ಬಗ್ಗೆ ವಿಚಾರಿಸುತ್ತಿದ್ದಾರೆ.

“ಫುಲ್ ಟೈಮರಪ್ಪ. ಶುರುವಿಂದಾನೂ. ಈ ವೀಕೆಂಡ್ ಹುಡುಗ್ರನ್ನ ನಾವು ಲೆಕ್ಕಕ್ಕೇ ಇಟ್ಕೊಳ್ತಿರ್ಲಿಲ್ಲ.”

ಕಿಪ್ ಟೋಪಿ ತೆಗೆದ. “ಹಾಗಾದ್ರೆ ಎಲ್ಲಾ ಬಿಟ್ಟುಬಿಟ್ರಾ ಸರ್?”

“ಬಿಟ್ಟುಬಿಟ್ಟೆ. ಬೀಗದ ಕೈನೂ ವಾಪಸ್ ಕೊಟ್ಟೆ.” ಅದು ಕಾರ್ಖಾನೆಯಲ್ಲಿ ಅವನು ಬುತ್ತಿ ಇಡುತ್ತಿದ್ದ ಪೆಟ್ಟಿಗೆಯ ಬೀಗದ ಕೈ.

“ಕಷ್ಟ ಆಗ್ಲಿಲ್ವಾ?”

“ಸುಳ್ಳು ಯಾಕೆ ಹೇಳ್ಲಿ, ಕೊನೇ ದಿನ ಗೋಡೆ ಮೇಲೆಲ್ಲ ಒಂದ್ಸಲ ಕೈಯಾಡಿಸಿ ಬಂದೆ. ಕಣ್ಣಲ್ಲಿ ನೀರು ಬಂತು. ಆಮೇಲೆ ಮ್ಯಾನೇಜರ್ ಕೇಕ್ ತರಿಸಿದ್ರು.”

ಮನೆ ಸಾಲ ಕೊಡುವ ಬ್ಯಾಂಕ್ ಮ್ಯಾನೇಜರುಗಳಲ್ಲೂ ಇಂಥ ಒಳ್ಳೆಯವರಿದ್ದಾರೆ ಎಂದು ಕಿಪ್‌ಗೆ ಗೊತ್ತಿರಲಿಲ್ಲ. “ಮೇಡಂ ಹೇಗೆ ಒಪ್ಪಿದ್ರು? ಹೆಂಗಸ್ರಿಗೆ ಬಿಡೋದು ಇನ್ನೂ ಕಷ್ಟ ಅಂತಾರೆ.”

“ಒಪ್ಪೋದೇನು, ಹಠ ಹಿಡಿದಿದ್ದೇ ಅವಳು. ‘ಇನ್ನೂ ಎಷ್ಟು ದಿನ ಅಲ್ಲೇ ಕೊಳೀತೀಯ, ಹೊರಗೆ ಬಾ’ ಅಂದ್ಲು.”

“ಈಗ ನಿಮ್ಮ ಜಾಗದಲ್ಲಿ ಯಾರಿದಾರೆ?”

“ಯಾರೋ ಹೊಸ ಹುಡುಗ. ಪಾಪ, ಸಣ್ಣ ಸಣ್ಣ ಮಕ್ಕಳಿದಾವೆ. ಚೆನ್ನಾಗಿರ್ಲಿ.”

ಕಿಪ್ ಮೂಗು ಒರೆಸಿಕೊಂಡ. ಅಲ್ಲಿಂದ ನೇರ ಹೋಗಿ ಮೆಕ್ಯಾನಿಕ್ ಡಸ್ಟಿಯ ಕಿವಿಯಲ್ಲಿ ಏನೋ ಹೇಳಿದ.

ಹೊಸ ಗಾಡಿ ಕೊಡುವಾಗ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ, ಯಾವುದು ಏನು, ಯಾವುದನ್ನು ಮುಟ್ಟಿದರೆ ಏನಾಗುತ್ತದೆ ಎಂದು ನಿಧಾನವಾಗಿ ತೋರಿಸಿಕೊಡುವುದು ಪದ್ಧತಿ. ಅರ್ಧ ದಿನ ಹಿಡಿಯುವ ಕೆಲಸ. ಊಟದ ಹೊತ್ತು ಬೇರೆ ಹತ್ತಿರವಾಗಿತ್ತು. ಫುಲ್ ಟೈಮರ್ ಎಂದು ಕೇಳಿ ಡಸ್ಟಿಗೆ ಬಹಳ ಸಂತೋಷವಾಯಿತು.

“ನಿಮ್ಗೆ ಇದೆಲ್ಲಾ ಹೇಳೋಕೆ ನನಗೇ ನಾಚಿಕೆ,” ಎಂದು ಅವನು ಟ್ರೇಲರ್‌ನ ಕೆಳಗಿನ ಎರಡು ಕೊಳವೆಗಳ ಕಡೆ ಕಾಲಿನಲ್ಲೇ ತೋರಿಸಿದ. “ಕಪ್ಪು ಟ್ಯಾಂಕು. ಬೂದು ಟ್ಯಾಂಕು. ಯಾವ್ದು ಮೊದ್ಲು ಖಾಲಿ ಮಾಡ್ಬೇಕು ಅಂತ ನಾನು ನಿಮ್ಗೆ ಹೇಳೋದಾ?” ಎಂದು ನಕ್ಕ.

ವೆಂಡಲ್ ಅವನಿಗಿಂತ ಜೋರಾಗಿ ನಕ್ಕ. ಬಗ್ಗಿ ನೋಡಿದ. ಕಪ್ಪೂ ಕಾಣಲಿಲ್ಲ, ಬೂದೂ ಕಾಣಲಿಲ್ಲ. ಎರಡೂ ಕೊಳವೆ ಒಂದೇ ಬಣ್ಣ.

“ಚಪ್ಪರದ ಗುಂಡಿ ಇಲ್ಲಿದೆ. ಗೋಡೆ ಆಚೆ ಚಾಚೋ ಗುಂಡಿ ಇಲ್ಲಿದೆ. ಯಾವಾಗ ಒತ್ತಬಾರ್ದು ಅಂತ ನಿಮ್ಗೆ ಗೊತ್ತೇ ಇದೆ.”

ತಲೆ ಆಡಿತು. ಗೋಡೆ ಯಾಕೆ ಆಚೆ ಹೋಗಬೇಕು ಎಂದು ಅವನು ಯೋಚಿಸುವಷ್ಟರಲ್ಲಿ ಪ್ರದಕ್ಷಿಣೆ ಮುಗಿದೇಹೋಗಿತ್ತು.

ಇಷ್ಟರಲ್ಲಿ ಕಿಪ್ ಹೊಸದಾಗಿ ಮದುವೆಯಾದ ಗಂಡ ಹೆಂಡತಿಯನ್ನು ಕರೆದುಕೊಂಡು ಬಂದ. ಅವರದು ಮೊದಲ ಗಾಡಿ. “ಇವ್ರು ಫುಲ್ ಟೈಮರ್. ಏನ್ ಬೇಕೋ ಕೇಳ್ಕೊಳ್ಳಿ, ಇಂಥ ಅವಕಾಶ ಮತ್ತೆ ಸಿಗಲ್ಲ,” ಎಂದ.

ಹುಡುಗಿ ಭಕ್ತಿಯಿಂದ ಕೇಳಿದಳು. “ರಸ್ತೆ ಮೇಲೆ ಬದುಕೋಕೆ ಎಲ್ಲಕ್ಕಿಂತ ಮುಖ್ಯ ಏನು ಸರ್?”

ವೆಂಡಲ್ ತನಗೆ ಗೊತ್ತಿದ್ದ ಒಂದೇ ಸತ್ಯವನ್ನು ಹೇಳಿದ. “ಕೀಲು. ಕೀಲು ಸಡಿಲ ಆಗದ ಹಾಗೆ ನೋಡ್ಕೊಳ್ಳಿ. ಬಾಗಿಲು ತಾನಾಗೇ ಸರಿ ಇರುತ್ತೆ.”

ಹುಡುಗಿ ಗಂಡನ ಕೈ ಹಿಡಿದುಕೊಂಡಳು. ಅದು ದಾಂಪತ್ಯದ ಮಾತೆಂದು ಅವರಿಬ್ಬರಿಗೂ ಅನ್ನಿಸಿತ್ತು.

ವರ್ಲಾ ಹೊರಗೆ ಬಂದಳು. ಬಾಣಲಿ ಕೂತಿತ್ತು, ಅವಳ ಮುಖ ಅರಳಿತ್ತು. “ಎಲ್ಲಾ ಕಲಿಸಿಕೊಟ್ರಾ ಇವನಿಗೆ?”

“ಇವ್ರಿಗೆ ನಾವು ಕಲಿಸೋದಾ ಮೇಡಂ?” ಎಂದ ಡಸ್ಟಿ. “ಇವ್ರ ಹತ್ರ ನಾವು ಕಲೀಬೇಕು.”

ವರ್ಲಾ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಯಾರೂ ಅವನ ಬಗ್ಗೆ ಹೀಗೆ ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಗಂಟೆ ಬಾರಿಸಿದರು, ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು. ರಟ್ಟಿನ ದೊಡ್ಡ ಬೀಗದ ಕೈ ಹಿಡಿಸಿ ಕಿಪ್ ಫೋಟೋ ತೆಗೆದ. ಇವರ ಪಿಕಪ್ ಟ್ರೇಲರನ್ನು ಎಳೆದುಕೊಂಡು ಗೇಟು ದಾಟುವ ಮುಂಚೆಯೇ ಆ ಫೋಟೋ ಅಂಗಡಿಯ ಇಂಟರ್‌ನೆಟ್ ಪುಟದಲ್ಲಿ ಕೂತಿತ್ತು. ಕೆಳಗೆ ಕಿಪ್ ಕಣ್ಣೀರು ಒರೆಸಿಕೊಂಡು ಬರೆದಿದ್ದ: ‘ವೆಂಡಲ್ ಮತ್ತು ವರ್ಲಾ ಶೂಪ್ ದಂಪತಿಗೆ ಅಭಿನಂದನೆ. ಇವತ್ತಿನಿಂದ ಫುಲ್ ಟೈಮರ್ಸ್. ಮನೆಯ ಬೀಗದ ಕೈಯನ್ನು ಪುಟ್ಟ ಮಕ್ಕಳಿರುವ ಬಡ ಕುಟುಂಬಕ್ಕೆ ಒಪ್ಪಿಸಿ, ಹಿಂತಿರುಗಿ ನೋಡದೆ ಹೊರಟಿದ್ದಾರೆ.’

ಹಿಂತಿರುಗಿ ನೋಡದೆ ಎಂಬುದು ಮಾತ್ರ ಅಕ್ಷರಶಃ ನಿಜವಾಗಿತ್ತು. ಹಿಂದೆ ಎಳೆದುಕೊಂಡು ಬರುತ್ತಿದ್ದ ವಸ್ತುವನ್ನು ನೋಡುವ ಧೈರ್ಯ ವೆಂಡಲ್‌ಗೆ ಇರಲಿಲ್ಲ. ಅವನ ವೇಗಕ್ಕೆ ಬೇಸತ್ತು ಒಂದು ಟ್ರ್ಯಾಕ್ಟರ್ ಅವನನ್ನು ದಾಟಿಕೊಂಡು ಹೋಯಿತು. ಹಿಂದೆ ಕಾರುಗಳು ಶವಯಾತ್ರೆಗೆ ಬಂದವರ ಹಾಗೆ ಸಾಲುಗಟ್ಟಿದವು. ಎದುರಿನಿಂದ ಬಂದ ಮುದುಕನೊಬ್ಬ ಗಾಡಿ ಪಕ್ಕಕ್ಕೆ ಹಾಕಿ ಟೋಪಿ ತೆಗೆದು ನಿಂತ.

“ಹಸಿವಾಗ್ತಿದೆ,” ಎಂದಳು ವರ್ಲಾ. “ಆ ಹೋಟ್ಲಲ್ಲಿ ಹುರಿದ ಮೀನು ಚೆನ್ನಾಗಿರುತ್ತೆ.”

“ಮುಂದೆ ಇನ್ನೂ ಚೆನ್ನಾಗಿರೋದು ಇದೆ,” ಎಂದ ವೆಂಡಲ್. ಟ್ರೇಲರ್ ಸಮೇತ ಒಳಗೆ ಹೋದರೆ ಹೊರಗೆ ಬರುವುದು ಹೇಗೆಂದು ಗೊತ್ತಿಲ್ಲ ಎಂದು ಹೇಳಲಿಲ್ಲ. ಹೀಗೆ ಚೆನ್ನಾಗಿರುವ ಹೋಟೆಲುಗಳೆಲ್ಲ ಒಂದೊಂದಾಗಿ ಹಿಂದೆ ಹೋದವು.

ವರ್ಲಾಳ ಫೋನ್ ಬಡಿದುಕೊಂಡಿತು. ಪಕ್ಕದ ಮನೆಯ ಓಪಲ್. “ನನಗೊಂದು ಮಾತು ಹೇಳ್ಬೇಕು ಅಂತ ಅನಿಸ್ಲಿಲ್ವಾ ನಿನಗೆ?” ಎಂದಷ್ಟೇ ಹೇಳಿ, ಅತ್ತು, ಇಟ್ಟುಬಿಟ್ಟಳು.

“ಅವಳ ಬೆಕ್ಕು ಹೋಯ್ತು ಅಂತ ಕಾಣುತ್ತೆ,” ಎಂದಳು ವರ್ಲಾ. “ಪಾಪ, ನಮಗೆ ಮೊದ್ಲೇ ಗೊತ್ತಿತ್ತು ಅನ್ಕೊಂಡಿದಾಳೆ.”

ಬೀದಿಗೆ ತಿರುಗಿದಾಗ ಬೆಕ್ಕು ಓಪಲ್‌ಳ ಮೆಟ್ಟಿಲ ಮೇಲೆ ಕಾಲು ನೆಕ್ಕಿಕೊಂಡು ಕೂತಿತ್ತು. ಮಿಕ್ಕವರೆಲ್ಲ ಶೂಪ್ ದಂಪತಿಯ ಅಂಗಳದಲ್ಲಿದ್ದರು. ಹುಲ್ಲಿನ ಮಧ್ಯೆ ‘ಮನೆ ಮಾರಾಟಕ್ಕಿದೆ’ ಎಂಬ ಫಲಕ ನೆಟ್ಟಿತ್ತು. ಅದರ ಮೇಲಿನ ಫೋಟೋದಲ್ಲಿ ನಗುತ್ತಿದ್ದ ಹೆಂಗಸು, ಮನೆ ಮಾರಿಸುವ ಜೀನೆಟ್, ಫಲಕದ ಪಕ್ಕದಲ್ಲೂ ಅದೇ ನಗು ನಗುತ್ತ ನಿಂತಿದ್ದಳು. ಅಂಗಡಿಯ ಪುಟ ನೋಡಿ ಓಡಿ ಬಂದು, ಬಡ ಕುಟುಂಬ ಇನ್ನೂ ಬಂದಿಲ್ಲವೆಂದು ಕಂಡು, ಯಾರೂ ಕರೆಯದೆಯೇ ಫಲಕ ನೆಟ್ಟಿದ್ದಳು. ಅವಳ ಜೊತೆ ಬಂದ ಗಂಡ ಹೆಂಡತಿ ಕಿಟಕಿಗೆ ಮುಖ ಒತ್ತಿ ಅಡುಗೆಮನೆ ನೋಡುತ್ತಿದ್ದರು. ಓಪಲ್ ಕೈಯಲ್ಲಿ ತಟ್ಟೆಯಗಲದ ಸೇಬಿನ ಕಡುಬು, ಕಣ್ಣಲ್ಲಿ ನೀರು. ಡೆಲ್ಮರ್ ತನ್ನ ಅಮ್ಮನ ತೂಗುಕುರ್ಚಿಯನ್ನು ಜಗಲಿಯಿಂದ ಇಳಿಸಿ ತನ್ನ ಪಿಕಪ್‌ಗೆ ಹಗ್ಗ ಹಾಕಿ ಬಿಗಿಯುತ್ತಿದ್ದ.

ವೆಂಡಲ್ ಬ್ರೇಕ್ ಹಾಕಿದ. ಟ್ರೇಲರ್ ಬೀದಿಯ ನಡುವೆ ನಿಂತಿತು. ಅದರ ತಲೆ ಒಂದು ಮನೆಯ ಗೇಟಿಗೆ, ಬಾಲ ಇನ್ನೊಂದು ಮನೆಯ ಗೇಟಿಗೆ ಅಡ್ಡ ಬಂತು.

ವರ್ಲಾ ಇಳಿದಳು. ಕಿಟಕಿಯ ಹತ್ತಿರದ ಹುಡುಗಿ ಗಂಡನಿಗೆ ಹೇಳುತ್ತಿದ್ದಳು, “ಮೊದ್ಲು ಈ ಹಳದಿ ಬಣ್ಣ ಕೆರೆಸ್ಬೇಕು. ಕಣ್ಣಿಗೆ ಚುಚ್ಚುತ್ತೆ.”

ವರ್ಲಾ ಗಂಡನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. “ವೆಂಡಲ್, ನನಗೆ ಹೇಳದೆ ನೀನು ಈ ಮನೆ…”

ಪ್ರಶ್ನೆ ಮುಗಿಯುವಷ್ಟರಲ್ಲಿ ಅವನ ತಲೆ ಮೇಲೆ ಕೆಳಗೆ ಆಡಿಬಿಟ್ಟಿತ್ತು.

ವೆಂಡಲ್ ಎರಡೂ ಕೈಯಲ್ಲಿ ತನ್ನ ತಲೆಯನ್ನು ಹಿಡಿದು ನಿಲ್ಲಿಸಿದ. “ಇಲ್ಲ. ಇಲ್ಲ, ಅದು ನಾನಲ್ಲ, ಅದು ತಲೆ. ನಾನು ಯಾವ ಮನೇನೂ ಮಾರಿಲ್ಲ.”

“ಮತ್ತೆ ಇದೇನು?” ಡೆಲ್ಮರ್ ಫೋನ್ ತಂದು ಮುಖಕ್ಕೆ ಹಿಡಿದ. ಫೋಟೋ, ರಟ್ಟಿನ ಬೀಗದ ಕೈ, ಕಿಪ್‌ನ ಬರಹ. “ಫುಲ್ ಟೈಮರ್ ಅಂತ ನೀನೇ ಹೇಳಿದೀಯ ತಾನೇ?”

“ಹೇಳಿದೆ. ನಾನು ಫುಲ್ ಟೈಮರೇ ಅಲ್ವಾ? ಕಾರ್ಖಾನೆಲಿ?”

“ಕಾರ್ಖಾನೆ ಕಥೆ ಬಿಡು ಮಾರಾಯ. ಫುಲ್ ಟೈಮರ್ ಅಂದ್ರೆ ಮನೆ ಮಾರಿ ಆರ್‌ವಿಲಿ ಬದುಕೋನು. ಹಾಲು ಕುಡಿಯೋ ಮಗೂಗೂ ಗೊತ್ತು.”

“ನನಗೆ ಗೊತ್ತಿರ್ಲಿಲ್ಲ.”

ಆ ಮಾತು ಅವನ ಬಾಯಿಂದ ಹೊರಬಂದದ್ದು ಜೀವಮಾನದಲ್ಲೇ ಮೊದಲ ಸಲ. ಗಂಟಲಿನಿಂದ ಮುಳ್ಳು ತೆಗೆದ ಹಾಗಾಯಿತು. ಆದರೆ ಯಾರೂ ನಂಬಲಿಲ್ಲ. ಅದೇ ತಮಾಷೆ. ಜೀವಮಾನವಿಡೀ ಅವನು ಗೊತ್ತು ಗೊತ್ತು ಅಂದಾಗ ನಂಬಿದ ಊರು, ಗೊತ್ತಿಲ್ಲ ಅಂದಾಗ ನಕ್ಕುಬಿಟ್ಟಿತು.

“ಜೀವಮಾನ ಎಲ್ಲಾ ಆರ್‌ವಿ ಕಟ್ಟಿದೋನಿಗೆ ಗೊತ್ತಿಲ್ವಂತೆ,” ಎಂದ ಡೆಲ್ಮರ್. “ವರ್ಲಾ, ಚೀಲ ತಗೋ. ನಮ್ಮನೇಲಿ ಮೇಲಿನ ಕೋಣೆ ಖಾಲಿ ಇದೆ.”

“ಬಾ ಚಿನ್ನ, ಒಂದು ತುಂಡು ಕಡುಬು ತಿಂದು ಹೋಗು,” ಎಂದಳು ಓಪಲ್. “ನನಗೆ ಅವನ ಮೇಲೆ ಯಾವತ್ತೂ ನಂಬಿಕೆ ಇರ್ಲಿಲ್ಲ.”

“ನಾಳೆ ಬೆಳಿಗ್ಗೆ ಇನ್ನೂ ಒಬ್ರು ನೋಡೋಕೆ ಬರ್ತಾರೆ,” ಎಂದಳು ಜೀನೆಟ್, ಎಲ್ಲರಿಗೂ ಸೇರಿಸಿ.

ವರ್ಲಾ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಮನೆಯ ಬೀಗದ ಕೈ ಗಟ್ಟಿಯಾಗಿ ಹಿಡಿದಿದ್ದಳು. ಗಂಡನ ಮುಖವನ್ನೇ ನೋಡಿದಳು. ಡಸ್ಟಿಯ ಮಾತು ಅವಳ ಕಿವಿಯಲ್ಲಿತ್ತು: ಇವ್ರ ಹತ್ರ ನಾವು ಕಲೀಬೇಕು. ಹಾಗಾದರೆ ಇವನು ಗುಟ್ಟಾಗಿ ಎಲ್ಲ ಕಲಿತುಕೊಂಡು, ಎಲ್ಲ ಯೋಚನೆ ಮಾಡಿ, ತನ್ನನ್ನು ಬೀದಿಗೆ ತಂದನೇ?

“ಡೆಲ್,” ಎಂದಳು. “ನಿನಗೆ ಆರ್‌ವಿ ವಿಷಯ ಎಲ್ಲಾ ಗೊತ್ತಲ್ಲ. ಇವನನ್ನ ಕೇಳು. ವರ್ಷ ಪೂರ್ತಿ ಅದರಲ್ಲೇ ಇರೋ ಪ್ಲಾನ್ ಮಾಡಿದ್ರೆ ಇವನಿಗೆ ಏನಾದ್ರೂ ಗೊತ್ತಿರಲೇಬೇಕು. ಒಂದಕ್ಕೆ ಸರಿಯಾಗಿ ಉತ್ತರ ಹೇಳಿದ್ರೂ ಸಾಕು, ನಾನು ನಿನ್ನ ಜೊತೆ ಬರ್ತೀನಿ.”

ವೆಂಡಲ್ ಬೆನ್ನು ನೆಟ್ಟಗೆ ಮಾಡಿ ನಿಂತ. ಶಾಲೆಯಲ್ಲಿ ಅವನು ಯಾವ ಪರೀಕ್ಷೆಯಲ್ಲೂ ಫೇಲಾಗಲು ಇಷ್ಟು ಪ್ರಯತ್ನ ಪಟ್ಟಿರಲಿಲ್ಲ. ಪ್ರಯತ್ನ ಪಡದೆಯೇ ಆಗುತ್ತಿದ್ದ. ಈಗ ಅಪ್ಪಿ ತಪ್ಪಿ ಸರಿ ಉತ್ತರ ಬಾಯಿಗೆ ಬಂದುಬಿಟ್ಟರೆ ಹೆಂಡತಿ ಹೋದಳು.

ಜನ ಸುತ್ತ ನಿಂತರು. ಡೆಲ್ಮರ್ ಗಂಟಲು ಸರಿಮಾಡಿಕೊಂಡ. ಇಂಥ ದಿನಕ್ಕಾಗಿಯೇ ಹುಟ್ಟಿದವನಂತೆ ಕಂಡ.

“ಕಪ್ಪು ಟ್ಯಾಂಕಲ್ಲಿ ಏನಿರುತ್ತೆ?”

ವೆಂಡಲ್ ಪ್ರಾಮಾಣಿಕವಾಗಿ ಯೋಚಿಸಿದ. “ಎಂಜಿನ್ನಿನ ಹಳೇ ಆಯಿಲ್?”

“ಟ್ರೇಲರ್‌ಗೆ ಎಂಜಿನ್ನೇ ಇಲ್ಲ.”

“ಇಲ್ವಾ?” ವೆಂಡಲ್ ತಿರುಗಿ ಟ್ರೇಲರನ್ನು ನೋಡಿದ. ಅವನ ಬೆರಗು ಎಷ್ಟು ಅಪ್ಪಟವಾಗಿತ್ತೆಂದರೆ ಓಪಲ್ ಕಡುಬನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

“ಕಕ್ಕಸಿನದು ಹೋಗಿ ಸೇರೋದು ಅದ್ರಲ್ಲಿ,” ಎಂದ ಡೆಲ್ಮರ್, ಪಾಠ ಮಾಡುವವನ ಹಾಗೆ. “ಹೋಗ್ಲಿ. ಬೂದು ಟ್ಯಾಂಕಲ್ಲಿ?”

“ಬೂದಿ.”

“ಏನು?”

“ಮಾಂಸ ಸುಡೋ ಒಲೆ ಬೂದಿ. ಅಲ್ವಾ?”

ಹಿಂದೆ ಯಾರೋ ಕೆಮ್ಮುವ ಹಾಗೆ ನಕ್ಕರು. ವರ್ಲಾಳ ತುಟಿ ಸ್ವಲ್ಪ ಅಲುಗಿತು.

“ಪಾತ್ರೆ ತೊಳೆದ ನೀರು ಮಾರಾಯ, ಸ್ನಾನದ ನೀರು. ಸರಿ, ಎರಡ್ರಲ್ಲಿ ಯಾವ್ದು ಮೊದ್ಲು ಖಾಲಿ ಮಾಡ್ಬೇಕು?”

ಈಗ ಜನ ಇನ್ನೂ ಹತ್ತಿರ ಸರಿದರು. ಇರುವುದೇ ಎರಡು ಉತ್ತರ, ಮಂಗನನ್ನು ಕೇಳಿದರೂ ಅರ್ಧ ಸಲ ಸರಿ ಹೇಳುತ್ತದೆ.

“ಬೂದು,” ಎಂದ ವೆಂಡಲ್.

“ತಪ್ಪು.” ಡೆಲ್ಮರ್‌ಗೆ ನಿರಾಸೆಯಾದದ್ದು ಕಾಣುತ್ತಿತ್ತು. “ಮೊದ್ಲು ಕಪ್ಪು. ಆಮೇಲೆ ಬೂದು ಬಿಟ್ರೆ ಆ ನೀರೇ ಪೈಪು ತೊಳೆಯುತ್ತೆ. ನೀನು ಹೇಳಿದ ಹಾಗೆ ಮಾಡಿದ್ರೆ ಆ ಪೈಪನ್ನ ಯಾರೂ ಮುಟ್ಟಲ್ಲ.”

ಬಾಗಿಲ ಮೇಲೆ ನೆರಳಿಗೆ ಬಿಚ್ಚುವ ಚಪ್ಪರದ ಬಗ್ಗೆ ಕೇಳಿದ. ಅದು ಮಡಚುತ್ತದೆ ಎಂದೇ ವೆಂಡಲ್‌ಗೆ ಗೊತ್ತಿರಲಿಲ್ಲ. ಗಾಡಿ ನಿಂತಾಗ ಕೋಣೆ ದೊಡ್ಡದಾಗಲೆಂದು ಗೋಡೆಯನ್ನು ಆಚೆ ಚಾಚುವ ಗುಂಡಿಯ ಬಗ್ಗೆ ಕೇಳಿದ. ಗಾಳಿ ಬರಲಿ ಎಂದು ಇರಬೇಕು ಎಂದ ವೆಂಡಲ್. ಒಂದೊಂದು ತಪ್ಪಿಗೂ ಬೀದಿ ಹಗುರವಾಗುತ್ತ ಬಂತು. ಡೆಲ್ಮರ್ ಒಬ್ಬನೇ ಭಾರವಾಗುತ್ತ ಹೋದ.

“ಇನ್ನೇನೂ ಉಳಿದಿಲ್ಲ,” ಎಂದು ಅವನು ಕೈ ಚೆಲ್ಲಿದಾಗ ಓಪಲ್ ಮುಂದೆ ಬಂದಳು.

“ನಾನೊಂದು ಕೇಳ್ಲಾ? ನನ್ನ ತಮ್ಮನ ಗಾಡಿಲಿ ರಸ್ತೆ ಕುಲುಕಿದಾಗೆಲ್ಲ ಬೀರು ಬಾಗಿಲು ತೆರೆದು ಪಾತ್ರೆ ಬೀಳ್ತಾವಂತೆ. ಯಾಕೆ?”

ಇದು ವೆಂಡಲ್‌ಗೆ ಗೊತ್ತಿತ್ತು. ಕೀಲು. ಮೇಲಿನ ಕೀಲಿನ ಸ್ಕ್ರೂ ಅರ್ಧ ಸುತ್ತು ಹೆಚ್ಚು ಬಿಗಿದಿದ್ದಾರೆ, ಅದಕ್ಕೇ ಬಾಗಿಲು ಓರೆಯಾಗಿ ಚಿಲಕ ಕಚ್ಚುತ್ತಿಲ್ಲ. ಕೆಳಗಿನದನ್ನು ಸಡಿಲಿಸಿ, ಮೇಲಿನದನ್ನು ಹೀಗೆ ತಿರುಗಿಸಿ. ಜೀವಮಾನದ ವಿದ್ಯೆ ಅವನ ನಾಲಗೆಯ ತುದಿಗೆ ಬಂದು ಕುಣಿಯಿತು. ಜೀವಮಾನದಲ್ಲಿ ಒಬ್ಬರೂ ಕೇಳದ ಪ್ರಶ್ನೆಯನ್ನು, ಇಡೀ ಬೀದಿಯ ಎದುರು, ಡೆಲ್ಮರ್‌ನ ಎದುರು, ಓಪಲ್ ಕೇಳಿದ್ದಳು. ಅವನ ಬೆರಳುಗಳು ತಾವಾಗಿಯೇ ಸ್ಕ್ರೂ ತಿರುಗಿಸತೊಡಗಿದವು. ಕೈಗಳನ್ನು ಜೇಬಿಗೆ ತುರುಕಿದ.

ವರ್ಲಾ ಅವನನ್ನೇ ನೋಡುತ್ತಿದ್ದಳು. ಈ ಕೀಲಿನ ಪುರಾಣವನ್ನು ಅವಳು ಪ್ರತಿ ರಾತ್ರಿ ಊಟದ ಹೊತ್ತಿಗೆ ಕೇಳಿದ್ದವಳು.

“ಗೊತ್ತಿಲ್ಲ,” ಎಂದ ವೆಂಡಲ್.

ವರ್ಲಾ ತಲೆ ತಗ್ಗಿಸಿದಳು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದು ಓಪಲ್ ಹತ್ತಿರ ಹೋದಳು, ಅವಳು ನಗುತ್ತಿದ್ದಳು. ಎದ್ದು ಬಂದು ಗಂಡನ ಅಂಗಿಯ ಕಾಲರ್ ಸರಿಮಾಡಿದಳು.

“ಇಂಥ ದಡ್ಡನ ಕೈಲಿ ಮನೆ ಮಾರೋಕೆ ಸಾಧ್ಯಾನೇ ಇಲ್ಲ,” ಎಂದಳು ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಮೆಲ್ಲಗೆ, ಅವನಿಗೆ ಮಾತ್ರ, “ಆ ಕೊನೇದು ಸುಳ್ಳು ಅಂತ ನನಗೆ ಗೊತ್ತು. ಒಳಗೆ ಬಂದು ಹೇಳು. ಪೂರ್ತಿ ಕೇಳ್ತೀನಿ.”

ಜೀನೆಟ್ ಫಲಕ ಕಿತ್ತುಕೊಂಡಳು. ಕಿಟಕಿಯ ಹತ್ತಿರದ ಹುಡುಗಿ ಹಳದಿ ಬಣ್ಣ ಅಷ್ಟೇನೂ ಕೆಟ್ಟದ್ದಲ್ಲ ಎಂದು ಹೇಳಲು ಬಾಯಿ ತೆರೆದು, ವರ್ಲಾಳ ಮುಖ ನೋಡಿ ಮುಚ್ಚಿದಳು. ಡೆಲ್ಮರ್ ತೂಗುಕುರ್ಚಿಯ ಹಗ್ಗ ಬಿಚ್ಚಿದ. ಓಪಲ್ ಕಡುಬನ್ನು ವಾಪಸ್ ತೆಗೆದುಕೊಂಡು ಹೊರಟಳು.

“ಅದು ನಮಗೆ ತಂದಿದ್ದಲ್ವಾ?” ಎಂದ ವೆಂಡಲ್. ಬೆಳಗಿನಿಂದ ಪಾಪ್‌ಕಾರ್ನ್ ಬಿಟ್ಟು ಏನೂ ತಿಂದಿರಲಿಲ್ಲ.

“ಬೀಳ್ಕೊಡೋ ಕಡುಬು ಅದು. ನೀವೆಲ್ಲಿ ಹೋಗ್ತಿದೀರಿ?”

ಆಗ ಎಲ್ಲರಿಗೂ ಒಟ್ಟಿಗೆ ಹೊಳೆಯಿತು, ಟ್ರೇಲರ್ ಇನ್ನೂ ಬೀದಿಯ ನಡುವೆ ನಿಂತಿದೆ. ಅದನ್ನು ಹಿಂದಕ್ಕೆ ತಳ್ಳಿ ಅಂಗಳಕ್ಕೆ ಹಾಕಬೇಕು. ವೆಂಡಲ್ ಡೆಲ್ಮರ್‌ನ ಹತ್ತಿರ ಹೋದ. “ನನಗೆ ರಿವರ್ಸ್ ಬರಲ್ಲ. ಹಾಕಿಕೊಡ್ತೀಯಾ?” ಎಂದ. ಒಂದೇ ದಿನದಲ್ಲಿ ಎಷ್ಟೊಂದು ಗೊತ್ತಿಲ್ಲಗಳು. ಈಗ ಅವನಿಗೆ ರುಚಿ ಹತ್ತಿತ್ತು.

ಡೆಲ್ಮರ್ ಗಾಂಭೀರ್ಯದಿಂದ ಹತ್ತಿ ಕೂತ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದ, ಟ್ರೇಲರ್ ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದ, ಓಪಲ್‌ಳ ಅಂಚೆ ಡಬ್ಬಿ ಮಲಗಿತು. ಇನ್ನೊಮ್ಮೆ ಪ್ರಯತ್ನಿಸಿದಾಗ ಪಿಕಪ್ಪೂ ಟ್ರೇಲರೂ ಮೊಣಕೈ ಮಡಚಿದ ಹಾಗೆ ಮಡಚಿ, ಆ ಕಡೆಯ ಎರಡು, ಈ ಕಡೆಯ ಎರಡು ಮನೆಗಳ ಗೇಟುಗಳಿಗೆ ಅಡ್ಡವಾಗಿ ಸಿಕ್ಕಿಕೊಂಡವು.

“ಡೆಲ್,” ಎಂದಳು ವರ್ಲಾ, “ನಿನ್ನ ಗಾಡಿನ ನೀನು ಎಷ್ಟು ಸಲ ಹೊರಗೆ ತೆಗೆದಿದೀಯ?”

ಡೆಲ್ಮರ್ ಇಳಿದು ಟಯರುಗಳನ್ನು ಪರೀಕ್ಷಿಸಿದ. “ತರೋವಾಗ ಅಂಗಡಿಯೋನೇ ತಂದು ನಿಲ್ಲಿಸಿದ್ದು,” ಎಂದ. “ಚೆನ್ನಾಗಿ ನಿಂತಿದೆ. ಯಾಕೆ ಅಲ್ಲಾಡಿಸ್ಬೇಕು?”

ಅಂಗಡಿಗೆ ಫೋನ್ ಮಾಡಿದರು. ಸೋಮವಾರ ಯಾರನ್ನಾದರೂ ಕಳಿಸುತ್ತೇವೆ ಎಂದ ಕಿಪ್, ಫುಲ್ ಟೈಮರ್‌ಗೆ ಸಹಾಯ ಬೇಕಾದೀತು ಎಂಬುದನ್ನು ನಂಬಲು ಕಷ್ಟಪಡುತ್ತ.

ಸಂಜೆಯ ಹೊತ್ತಿಗೆ ವರ್ಲಾ ಹಳದಿ ಅಡುಗೆಮನೆಯಲ್ಲಿ ಮೊಟ್ಟೆ ಹುರಿಯುತ್ತಿದ್ದಳು. ವೆಂಡಲ್ ಮೇಜಿನ ಹತ್ತಿರ ಕೂತು ಮೇಲಿನ ಕೀಲಿನ ಸ್ಕ್ರೂವಿನಿಂದ ಶುರುಮಾಡಿದ್ದ. ಓಪಲ್ ಬಿಂಗೋ ಆಟಕ್ಕೆ ಹೋಗಲು ಒಳ್ಳೆಯ ಕೋಟು ಹಾಕಿಕೊಂಡು ಹೊರಗೆ ಬಂದಳು. ತನ್ನ ಕಾರನ್ನು ನೋಡಿದಳು, ಅದಕ್ಕೆ ಅಡ್ಡವಾಗಿದ್ದ ಬಿಳೀ ಗೋಡೆಯನ್ನು ನೋಡಿದಳು. ಬೀದಿಯ ಮಿಕ್ಕವರೂ ಒಬ್ಬೊಬ್ಬರಾಗಿ ಹೊರಗೆ ಬಂದು, ಕಾರಿನ ಕೀ ಕೈಯಲ್ಲಿ ಹಿಡಿದು ನಿಂತರು. ಓಪಲ್ ನೇರ ಬಂದು ಕಿಟಕಿ ತಟ್ಟಿದಳು.

“ವರ್ಲಾ, ನೀವು ಹೊರಡೋದು ಯಾವಾಗ?”

“ನಾವು ಎಲ್ಲಿಗೂ ಹೋಗ್ತಿಲ್ಲ ಅಂತ ಆಗ್ಲೇ ಹೇಳಿದ್ನಲ್ಲ ಓಪಲ್.”

“ಗೊತ್ತು ಕಣೇ,” ಎಂದಳು ಓಪಲ್, ಅಡ್ಡ ನಿಂತ ಟ್ರೇಲರ್ ಕಡೆ ಕೈ ತೋರಿಸಿ. “ಅದಕ್ಕೇ ಕೇಳ್ತಿರೋದು.”